ಕಾಫಿಯ ಹೆಸರಿನಲ್ಲಿ ಮದ್ಯ

ಜೈನ ಗೃಹಸ್ಥನ ಧರ್ಮಜೀವನವು ಎಂಟು ಮೂಲಗುಣಗಳಿಂದ ಆರಂಭವಾಗುತ್ತದೆ. ಆ ಎಂಟು ಯಾವುವೆಂಬಲ್ಲಿ ಆಚಾರ್ಯರ ಎಣಿಕೆ ಬೇರೆ ಬೇರೆಯಾಗಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಹೇಳಿದರೆ, ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಆ ಮೂರರೊಡನೆ ಐದು ಉದುಂಬರ ಫಲಗಳ ತ್ಯಾಗವನ್ನು ಸೇರಿಸುತ್ತಾರೆ. ಎಣಿಕೆ ಹೇಗೇ ಇರಲಿ, ಎರಡರಲ್ಲಿಯೂ ಮದ್ಯತ್ಯಾಗ ತಪ್ಪಿಲ್ಲ. ಅಷ್ಟೇ ಅಲ್ಲ, ಈ ಎಂಟನ್ನು ತ್ಯಜಿಸಿದ ಶುದ್ಧಬುದ್ಧಿಯವನೇ ಜಿನಧರ್ಮದ ಉಪದೇಶವನ್ನು ಕೇಳಲು ಪಾತ್ರನೆಂದು ಅಮೃತಚಂದ್ರರು ಸ್ಪಷ್ಟಪಡಿಸಿದ್ದಾರೆ. ಮದ್ಯತ್ಯಾಗವು ಸಾಧನೆಯ ಶಿಖರವಲ್ಲ; ಬಸದಿಯ ಹೊಸ್ತಿಲು.

ಈ ಹೊಸ್ತಿಲು ಇಂದು ಸದ್ದಿಲ್ಲದೆ ಸವೆಯುತ್ತಿದೆ. ಜೈನ ಮನೆಗಳಲ್ಲಿ ಯಾರೂ “ಮದ್ಯ ತನ್ನಿ” ಎಂದು ಕೂಗುವುದಿಲ್ಲ. ಅದು ಬೇರೆ ಹೆಸರು, ಬೇರೆ ಬಣ್ಣ, ಬೇರೆ ರುಚಿ ತೊಟ್ಟು ಒಳಗೆ ಬರುತ್ತದೆ. ಮದುವೆಯ ಲಗ್ನಪತ್ರಿಕೆಯ ನೆತ್ತಿಯಲ್ಲಿ ‘ಶ್ರೀ ವೀತರಾಗಾಯ ನಮಃ’ ಎಂದು ಅಚ್ಚಾಗಿರುತ್ತದೆ; ಮದುವೆಯ ಹಿಂದಿನ ಸಂಜೆಯ ಕೂಟಕ್ಕೆ ಮಾತ್ರ ಬೇರೊಂದು ಆಹ್ವಾನ, ಅದೂ ಆಯ್ದ ಮಿತ್ರರ ಮೊಬೈಲ್ ಫೋನಿಗೆ. ಮೊದಲನೆಯದನ್ನು ಅಜ್ಜ ಓದುತ್ತಾರೆ. ಎರಡನೆಯದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಗರದ ಹೊರವಲಯದ ರೆಸಾರ್ಟುಗಳಲ್ಲಿ ನಡೆಯುವ ಇಂಥ ಕೂಟಗಳಲ್ಲಿ ಹಣ್ಣಿನ ರಸದ ಪಕ್ಕದಲ್ಲಿಯೇ ಪುಟ್ಟ ಗಾಜಿನ ಲೋಟಗಳು ಸಾಲಾಗಿ ನಿಲ್ಲುತ್ತವೆ. ಒಂದೊಂದರಲ್ಲಿಯೂ ಮೂರು ಪದರ: ಕೆಳಗೆ ಕಪ್ಪು, ನಡುವೆ ಹಾಲುಬಣ್ಣ, ಮೇಲೆ ಹೊನ್ನಿನ ಹೊಳಪು. ಏನಿದು ಎಂದು ಕೇಳಿದವರಿಗೆ ಸಿಗುವ ಉತ್ತರ ಒಂದೇ: “ಕಾಫಿ ಮತ್ತು ಕೆನೆ.”

ಈ ಉತ್ತರ ಎಷ್ಟು ಸತ್ಯವೆಂಬುದನ್ನು ಲೋಟದ ತಳದಿಂದಲೇ ಪರೀಕ್ಷಿಸಬೇಕು. ತಳದ ಕಪ್ಪು ಪದರ ಕಾಫಿ ಲಿಕ್ಯೂರ್. ಇವುಗಳಲ್ಲಿ ಹೆಸರಾದ ಮೆಕ್ಸಿಕೋದ ಕಲುವಾ, ರಮ್ಮಿಗೆ ಕಾಫಿ ಮತ್ತು ಸಕ್ಕರೆ ಬೆರೆಸಿದ ಪೇಯ. ನಡುವಿನದು ಕೆನೆಯ ಲಿಕ್ಯೂರ್. 1974ರಲ್ಲಿ ಮಾರುಕಟ್ಟೆಗೆ ಬಂದ ಬೈಲೀಸ್ ಇದರ ಪ್ರಸಿದ್ಧ ಮಾದರಿ. ಅದು ಐರ್ಲೆಂಡಿನ ವಿಸ್ಕಿಗೆ ಹಾಲಿನ ಕೆನೆ ಸೇರಿಸಿದ್ದು. ಮೇಲಿನದು ಫ್ರಾನ್ಸಿನ ಗ್ರಾಂಡ್ ಮಾರ್ನಿಯೇ. ಕೋನ್ಯಾಕ್ ಎಂಬ ದ್ರಾಕ್ಷಿಯ ಬ್ರಾಂದಿಗೆ ಕಹಿ ಕಿತ್ತಳೆಯ ಪರಿಮಳ ಕೊಟ್ಟದ್ದು. ಕೆಳಗೆ ರಮ್, ನಡುವೆ ವಿಸ್ಕಿ, ಮೇಲೆ ಬ್ರಾಂದಿ! ಒಂದು ಮದ್ಯವನ್ನು ಮುಟ್ಟಲು ಹಿಂಜರಿಯುವ ಕೈಗೆ ಮೂರು ಮದ್ಯಗಳನ್ನು ಒಟ್ಟಿಗೆ ಕೊಟ್ಟು, ಅವುಗಳಿಗೆ ಕಾಫಿ, ಕೆನೆ, ಕಿತ್ತಳೆ ಎಂದು ನಾಮಕರಣ ಮಾಡಲಾಗಿದೆ.

ಪದರಗಳು ಒಂದರೊಳಗೊಂದು ಕಲೆಯದೆ ನಿಲ್ಲುವುದನ್ನು ಕಂಡು ಜನ ಬೆರಗಾಗುತ್ತಾರೆ. ಇದರಲ್ಲಿ ಮಾಯೆಯೇನೂ ಇಲ್ಲ. ಸಕ್ಕರೆ ಹೆಚ್ಚಿದಷ್ಟೂ ದ್ರವ ಭಾರವಾಗುತ್ತದೆ. ಮದ್ಯಸಾರ ಹೆಚ್ಚಿದಷ್ಟೂ ಹಗುರವಾಗುತ್ತದೆ. ಅತಿ ಸಿಹಿಯಾದ ಕಾಫಿ ಲಿಕ್ಯೂರನ್ನು ಮೊದಲು ಸುರಿದು, ಚಮಚವನ್ನು ಬೋರಲಾಗಿ ಹಿಡಿದು ಅದರ ಬೆನ್ನಿನ ಮೇಲೆ ಕೆನೆಯ ಲಿಕ್ಯೂರನ್ನೂ ಕೊನೆಗೆ ಕಿತ್ತಳೆಯದನ್ನೂ ಮೆಲ್ಲನೆ ಇಳಿಬಿಟ್ಟರೆ ಒಂದರ ಮೇಲೊಂದು ತೇಲುತ್ತವೆ. ಎಂದರೆ ಈ ಪೇಯದಲ್ಲಿ ಸಕ್ಕರೆಗೆ ಎರಡು ಕೆಲಸ. ಪದರವನ್ನು ಕಣ್ಣಿಗೆ ನಿಲ್ಲಿಸುವುದು ಒಂದು; ಮದ್ಯದ ಕಟುವನ್ನು ನಾಲಿಗೆಯಿಂದ ಮರೆಮಾಡುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹೊಗಳುತ್ತಾರೆ, ಎರಡನೆಯದನ್ನು ಯಾರೂ ಹೇಳುವುದಿಲ್ಲ. ಮದ್ಯದ ಕಹಿ ಮತ್ತು ಉರಿ ಒಂದು ಅರ್ಥದಲ್ಲಿ ಎಳೆಯರಿಗೆ ಕಾವಲುಗಾರರು. ಮೊದಲ ಗುಟುಕಿಗೇ ಮುಖ ಸಿಂಡರಿಸಿ ಲೋಟ ಕೆಳಗಿಟ್ಟವರೆಷ್ಟೋ ಮಂದಿ. ಸಿಹಿ ಕೆನೆ ಆ ಕಾವಲುಗಾರರಿಗೆ ನಿದ್ರೆ ಬರಿಸುತ್ತದೆ.

“ಪುಟ್ಟ ಲೋಟ, ಒಂದೇ ಗುಟುಕು, ಅದರಿಂದ ಏನಾದೀತು?” ಎಂಬ ಸಮಾಧಾನಕ್ಕೆ ಲೆಕ್ಕವೇ ಉತ್ತರ ಹೇಳಲಿ. ಒಂದೊಂದು ಪದರ 20 ಮಿಲಿಲೀಟರಿನಂತೆ ಲೋಟಕ್ಕೆ 60 ಮಿಲಿಲೀಟರು. ಕಾಫಿ ಲಿಕ್ಯೂರಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 16ರಿಂದ 20, ಕೆನೆಯದರಲ್ಲಿ 17, ಕಿತ್ತಳೆಯದರಲ್ಲಿ 40. ಕೂಡಿದರೆ ಒಂದು ಲೋಟದಲ್ಲಿ ಸುಮಾರು 15 ಮಿಲಿಲೀಟರು ಶುದ್ಧ ಮದ್ಯಸಾರ. ಭಾರತದಲ್ಲಿ ಸಾಮಾನ್ಯವಾದ ಶೇಕಡಾ 42.8ರ ವಿಸ್ಕಿಯ 30 ಮಿಲಿಲೀಟರಿನಲ್ಲಿ ಇರುವುದು ಸುಮಾರು 13 ಮಿಲಿಲೀಟರು. ವಿಸ್ಕಿಯ ಲೋಟ ಕಂಡರೆ ಕೂಟದಿಂದಲೇ ಎದ್ದುಹೋಗುವ ತಾಯಿಯ ಮಗಳು, ಅದಕ್ಕಿಂತ ಹೆಚ್ಚು ಮದ್ಯಸಾರವನ್ನು ಕಾಫಿಯೆಂದು ಒಂದೇ ಉಸಿರಿಗೆ ಕುಡಿಯುತ್ತಾಳೆ. ಮದ್ಯಪಾನವನ್ನು 1988ರಲ್ಲಿಯೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಮದ್ಯಸೇವನೆಯಲ್ಲಿ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿದೆ. ಆಚಾರ್ಯರು ಹೊಸ್ತಿಲಲ್ಲಿಯೇ ತಡೆದದ್ದನ್ನು ವೈದ್ಯಲೋಕ ಈಗ ತನ್ನ ದಾರಿಯಿಂದ ಬಂದು ಮುಟ್ಟಿದೆ.

ಈ ಪೇಯದ ಹೆಸರನ್ನೂ ಗಮನಿಸಬೇಕು. ಇದನ್ನು ‘ಬಿ-52’ ಎನ್ನುತ್ತಾರೆ. 1952ರಲ್ಲಿ ಮೊದಲ ಬಾರಿ ಹಾರಿ, ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಬಾಂಬುಗಳ ಮಳೆಗರೆದ ಅಮೆರಿಕದ ಯುದ್ಧವಿಮಾನದ ಹೆಸರೂ ಇದೇ. ಕೆಲವೆಡೆ ಮೇಲಿನ ಪದರಕ್ಕೆ ಬೆಂಕಿ ಹಚ್ಚಿ, ನೀಲಿ ಜ್ವಾಲೆ ಕುಣಿಯುವುದನ್ನು ತೋರಿಸಿ ಕೊಡುವುದೂ ಉಂಟು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ದೀಪಕ್ಕೆ ಹುಳು ಬಿದ್ದೀತೆಂದು ಅಂಜುವುದು ಯಾವ ಕುಲದ ಮರ್ಯಾದೆಯಾಗಿತ್ತೋ, ಆ ಕುಲದ ಮಂಗಳಕಾರ್ಯದಲ್ಲಿ ಇರುಳಿನ ಹೊತ್ತು ಬೆಂಕಿ ಹೊತ್ತಿದ ಮದ್ಯಕ್ಕೆ ಬಾಂಬು ವಿಮಾನದ ಹೆಸರು ಹಿಡಿದು ಚಪ್ಪಾಳೆ ತಟ್ಟುವುದಕ್ಕಿಂತ ಹೆಚ್ಚಿನ ವಿಪರ್ಯಾಸ ಯಾವುದಿದೆ?

ಕೆನೆಯ ಮಾತಿಗೆ ಬಂದರೆ ವಿಪರ್ಯಾಸ ಇನ್ನೂ ಆಳವಾಗುತ್ತದೆ. ಶುದ್ಧಾಚಾರದ ಮನೆಗಳಲ್ಲಿ ಕರೆದ ಹಾಲನ್ನು ಸೋಸಿ, ಎರಡು ಘಳಿಗೆ ಎಂದರೆ 48 ನಿಮಿಷಗಳೊಳಗೆ ಕಾಯಿಸುತ್ತಾರೆ. ಅಮೃತಚಂದ್ರರು ಬೆಣ್ಣೆಯನ್ನೂ ಮಧು, ಮದ್ಯ, ಮಾಂಸಗಳ ಸಾಲಿನಲ್ಲಿ ಮಹಾವಿಕೃತಿಯೆಂದೇ ಎಣಿಸಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಎರಡು ದಿನ ಕಳೆದ ಮೊಸರು ಮಜ್ಜಿಗೆ, ಹುಳಿಸಿದ ಗಂಜಿ, ಉಪ್ಪಿನಕಾಯಿ ಇವನ್ನು ಸಹ ಮದ್ಯತ್ಯಾಗ ವ್ರತಕ್ಕೆ ಅಂಟುವ ಕೊಳೆಯೆಂದು ಹೇಳಿದ್ದಾರೆ. ಇತ್ತ ಸೀಸೆಯಲ್ಲಿರುವ ಕೆನೆಯಾದರೋ ತಯಾರಾದ ದಿನದಿಂದ ಎರಡು ವರ್ಷ ಕೆಡದೆಂದು ತಯಾರಕರೇ ಭರವಸೆ ಕೊಡುತ್ತಾರೆ. ಕೆಡದಂತೆ ಅದನ್ನು ಹಿಡಿದಿಟ್ಟಿರುವುದು ವಿಸ್ಕಿಯ ಮದ್ಯಸಾರ. ಎರಡು ದಿನದ ಮೊಸರನ್ನು ಚೆಲ್ಲುವ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ವಿಮಾನ ನಿಲ್ದಾಣದಿಂದ ಉಡುಗೊರೆಯಾಗಿ ಬಂದ ಎರಡು ವರ್ಷದ ಕೆನೆ ಗಾಜಿನ ಬೀರುವಿನಲ್ಲಿ ಕುಳಿತಿರುತ್ತದೆ. ಕೇಳಿದರೆ, “ಇದರಲ್ಲಿ ಮಾಂಸವಿಲ್ಲವಲ್ಲ, ಸಸ್ಯಾಹಾರವೇ” ಎಂಬ ಸಮರ್ಥನೆ! ಜೈನ ಆಹಾರವು ಬರಿಯ ಸಸ್ಯಾಹಾರವೆಂದು ಯಾವ ಆಚಾರ್ಯರು ಹೇಳಿದ್ದಾರೆ?

ಇನ್ನು ಸಮರ್ಥಕರ ಉಳಿದ ವಾದಗಳು. “ಉದ್ಯೋಗ, ವ್ಯವಹಾರದ ಲೋಕದಲ್ಲಿ ಬೆರೆಯಬೇಕಾದರೆ ಇದು ಅನಿವಾರ್ಯ” ಎನ್ನುತ್ತಾರೆ. ಶತಮಾನಗಳ ಕಾಲ ದೇಶಾಂತರ ವ್ಯಾಪಾರ ಮಾಡಿದ ಜೈನ ವರ್ತಕರಿಗೆ ಮದ್ಯವಿಲ್ಲದಿರುವುದು ಅಡ್ಡಿಯಾಗಿರಲಿಲ್ಲ. ಅದು ಅವರ ಮಾತಿಗೆ ನಂಬಿಕೆಯ ಮುದ್ರೆಯಾಗಿತ್ತು. “ಅತಿಥಿಗಳಿಗಾಗಿ ಇಟ್ಟಿದ್ದೇವೆ, ಮನೆಯವರು ಮುಟ್ಟುವುದಿಲ್ಲ” ಎನ್ನುತ್ತಾರೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರರಿಂದಲೂ ಕರ್ಮಬಂಧವುಂಟೆಂದು ಪಾಠಶಾಲೆಯ ಮಗುವೂ ಕಲಿತಿರುತ್ತದೆ. ಮದ್ಯದ ವ್ಯಾಪಾರವನ್ನೇ ಶ್ರಾವಕನಿಗೆ ನಿಷೇಧಿಸಿದ ಪರಂಪರೆಯಲ್ಲಿ ಮದ್ಯದ ದಾನ ಹೇಗೆ ಆತಿಥ್ಯವಾದೀತು? “ಅನೇಕಾಂತವಾದಿಗಳು ಇಷ್ಟು ಕಠೋರರಾಗಬಾರದು” ಎನ್ನುವವರೂ ಇದ್ದಾರೆ. ಅನೇಕಾಂತವು ವಸ್ತುವಿನ ಅನಂತ ಧರ್ಮಗಳನ್ನು ಕಾಣುವ ದೃಷ್ಟಿ; ವಿಷವನ್ನು ಒಂದು ನಯದಿಂದ ಪಾಯಸವೆನ್ನಲು ಕೊಟ್ಟ ಪರವಾನಗಿಯಲ್ಲ.

ಮದ್ಯದ ದೋಷವು ಅದರಲ್ಲಿ ಹುಟ್ಟಿ ಸಾಯುವ ಜೀವರಾಶಿಯ ಹಿಂಸೆಯೊಂದೇ ಅಲ್ಲ. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮ ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬುದು ಅಮೃತಚಂದ್ರರು ತೋರಿಸಿದ ಇಳಿಜಾರು. ಸಮಂತಭದ್ರರೂ ಪ್ರಮಾದವನ್ನು ತಪ್ಪಿಸಲೆಂದೇ ಮದ್ಯ ವರ್ಜ್ಯವೆಂದರು. ಜಿನಸೇನಾಚಾರ್ಯರು ಶಕ 705, ಅಂದರೆ ಕ್ರಿ.ಶ. 783ರಲ್ಲಿ ಮುಗಿಸಿದ ‘ಹರಿವಂಶಪುರಾಣ’ದ ದ್ವಾರಕಾದಹನದ ಕಥೆ ಇದಕ್ಕೆ ಸಾಕ್ಷಿ. ಮದ್ಯದ ಕಾರಣದಿಂದ, ದ್ವೀಪಾಯನ ಮುನಿಯ ಕೋಪಕ್ಕೆ ದ್ವಾರಕೆ ಸುಟ್ಟುಹೋದೀತೆಂದು ನೇಮಿನಾಥ ತೀರ್ಥಂಕರರು ಮುಂಚೆಯೇ ತಿಳಿಸಿದ್ದರು. ಅದರಂತೆ ನಗರದ ಮದ್ಯವನ್ನೆಲ್ಲ ಹೊರಗೆ, ಕದಂಬವನದಲ್ಲಿ ಚೆಲ್ಲಿಸಲಾಯಿತು. ವರ್ಷಗಳು ಕಳೆದವು. ವನವಿಹಾರಕ್ಕೆ ಹೋದ ಶಂಬನೇ ಮೊದಲಾದ ರಾಜಕುಮಾರರು ಬಾಯಾರಿ, ಅಲ್ಲಿ ನಿಂತಿದ್ದುದನ್ನು ನೀರೆಂದು ಕುಡಿದರು, ಮದವೇರಿ ಮುನಿಯನ್ನು ಹಿಂಸಿಸಿದರು, ದ್ವಾರಕೆ ಉರಿಯಿತು. ಆ ಕುಮಾರರು ಮದ್ಯವನ್ನು ಬಯಸಿ ಹೋದವರಲ್ಲ. ಅವರ ದೃಷ್ಟಿಯಲ್ಲಿ ಅದು ನೀರು. ಹೆಸರು ತಪ್ಪಿದ್ದರಿಂದ ಮದ್ಯದ ಗುಣ ತಪ್ಪಲಿಲ್ಲ. ಅಂದು ನೀರು, ಇಂದು ಕಾಫಿ, ಭೇದವಿಷ್ಟೇ. ಅಂದು ಹಿರಿಯರು ಮದ್ಯವನ್ನು ಊರ ಹೊರಗೆ ಚೆಲ್ಲಿದ್ದರು. ಇಂದು ಹಿರಿಯರೇ ಹಣ ತೆತ್ತು ಮೇಜಿನ ಮೇಲೆ ಜೋಡಿಸುತ್ತಿದ್ದಾರೆ.

ಕಾಫಿಗೂ ಈ ನಾಡಿನ ಜೈನರಿಗೂ ಇರುವ ಸಂಬಂಧ ಸಣ್ಣದಲ್ಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ತಲೆಮಾರುಗಳಿಂದ ಕಾಫಿ ಬೆಳೆದ ಜೈನ ಮನೆತನಗಳಿವೆ. ಬಂದವರಿಗೆ ಬಿಸಿ ಕಾಫಿ ಕೊಟ್ಟು ಕೂರಿಸಿ ಮಾತನಾಡಿಸುವುದೇ ಅಲ್ಲಿ ಸತ್ಕಾರ. ಅಂಥ ಕಾಫಿಯ ಹೆಸರನ್ನು ರಮ್ಮಿಗೆ ಮುಸುಕಾಗಿ ಹೊದಿಸುವುದು ಧರ್ಮಕ್ಕೆ ಮಾತ್ರವಲ್ಲ, ಕಾಫಿಗೂ ಮಾಡಿದ ಅವಮಾನ.

ಹಾಗಾದರೆ ಹೊಣೆ ಯಾರದು? ಯುವಕರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೂಟದ ಖರ್ಚು ಕೊಟ್ಟವರು ಹಿರಿಯರು, ಕಂಡೂ ಕಾಣದಂತೆ ಎದ್ದು ಹೋದವರು ಬಂಧುಗಳು, ಮರುದಿನ ಅದೇ ಯಜಮಾನರಿಗೆ ಬಸದಿಯಲ್ಲಿ ಶಾಲು ಹೊದಿಸಿದವರು ಧರ್ಮದರ್ಶಿಗಳು. ದೊಡ್ಡ ದಾನಿಯ ಮುಂದೆ ನಾಲಿಗೆ ಕಟ್ಟಿಹೋಗುವ ಟ್ರಸ್ಟು, ಬಡ ಶ್ರಾವಕನ ಮನೆಯ ಸಣ್ಣ ಲೋಪಕ್ಕೆ ಸಭೆ ಸೇರಿಸಿದರೆ ಅದಕ್ಕೆ ಧರ್ಮರಕ್ಷಣೆಯೆಂಬ ಹೆಸರು ಒಪ್ಪುವುದಿಲ್ಲ.

ಬಸದಿಯ ಟ್ರಸ್ಟುಗಳು ಮಾಡಬಹುದಾದ ಕೆಲಸ ಕಷ್ಟದ್ದೇನೂ ಅಲ್ಲ. ಕಲ್ಯಾಣ ಮಂಟಪವನ್ನು ಬಾಡಿಗೆಗೆ ಕೊಡುವ ಅರ್ಜಿಯಲ್ಲಿ, ಆ ಮದುವೆಗೆ ಸಂಬಂಧಿಸಿದ ಯಾವ ಕೂಟದಲ್ಲಿಯೂ, ಅದು ಎಲ್ಲಿಯೇ ನಡೆಯಲಿ, ಮದ್ಯ ಇರುವುದಿಲ್ಲವೆಂಬ ಒಂದು ಸಾಲಿಗೆ ಎರಡೂ ಮನೆಯವರ ಸಹಿ ಪಡೆಯಬೇಕು. ಧರ್ಮದರ್ಶಿಗಳು ಮೊದಲು ತಮ್ಮ ಮನೆಯ ಮದುವೆಗಳಲ್ಲಿ ಅದನ್ನು ಪಾಲಿಸಿ ತೋರಿಸಬೇಕು. ಪಾಠಶಾಲೆಗಳಲ್ಲಿ ಸಪ್ತವ್ಯಸನಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಲಿಕ್ಯೂರ್, ರಮ್, ಕೋನ್ಯಾಕ್ ಎಂದರೇನು, ಸೀಸೆಯ ಚೀಟಿಯನ್ನು ಓದುವುದು ಹೇಗೆ ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಬೇಕು. ಮರೆಯಲ್ಲಿರುವ ಮದ್ಯವನ್ನು ಗುರುತಿಸಲಾರದವನು ಅದನ್ನು ತ್ಯಜಿಸುವುದಾದರೂ ಹೇಗೆ?

ಈಗಾಗಲೇ ಎಡವಿದವರ ವಿಷಯದಲ್ಲಿ ಸಮ್ಯಗ್ದರ್ಶನದ ಅಂಗಗಳಾದ ಉಪಗೂಹನ ಮತ್ತು ಸ್ಥಿತಿಕರಣಗಳೇ ದಾರಿ ತೋರಬೇಕು. ತಪ್ಪನ್ನು ಬೀದಿಯಲ್ಲಿ ಹರಡದೆ, ಜಾರಿದವನನ್ನು ಕೈಹಿಡಿದು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು ಸಮಾಜದ ಕರ್ತವ್ಯ. ಆದರೆ ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವೇ ಉಳಿಯದಿದ್ದರೆ ಕೈಹಿಡಿಯುವವರಾದರೂ ಯಾರು? ಲೋಟದಲ್ಲಿ ಮೂರು ಪದರಗಳು ಬೇರೆ ಬೇರೆಯಾಗಿ ಕಂಡರೂ ಗಂಟಲಿಗಿಳಿದ ಮೇಲೆ ಉಳಿಯುವುದು ಮದ್ಯವೊಂದೇ. ಲಗ್ನಪತ್ರಿಕೆಯ ನೆತ್ತಿಯ ಮೇಲೆ ವೀತರಾಗನ ಹೆಸರನ್ನು ಅಚ್ಚು ಹಾಕಿಸುವ ಪ್ರತಿಯೊಂದು ಕುಟುಂಬವೂ ಮದುವೆಯ ಹಿಂದಿನ ಸಂಜೆಯೂ ಆ ಹೆಸರಿಗೆ ಒಪ್ಪುವಂತೆ ನಡೆದುಕೊಳ್ಳಲಿ. ಅಜ್ಜನಿಗೆ ಕಾಣಿಸಲಾಗದ ಆಹ್ವಾನವನ್ನು ಯಾವ ಜೈನ ಮನೆಯೂ ಕಳಿಸದಿರಲಿ.