ಗಿರಾಕಿಯೋ, ಫಲಾನುಭವಿಯೋ?

ಸೂರ್ಯನ ಸಾರಥಿಯಾದ ಅರುಣನಿಗೆ ‘ಅನೂರು’ ಎಂಬ ಹೆಸರೂ ಉಂಟೆಂಬುದನ್ನು ಅಮರಕೋಶವನ್ನು ಬಾಯಿಪಾಠ ಮಾಡಿದವರು ಬಲ್ಲರು. ಊರು ಎಂದರೆ ತೊಡೆ. ಅನೂರು ಎಂದರೆ ತೊಡೆಯಿಲ್ಲದವನು. ಏಳು ಕುದುರೆಗಳ ರಥದ ಕಡಿವಾಣವನ್ನು ನಮ್ಮ ಪೂರ್ವಿಕರು ಕಾಲಿಲ್ಲದವನ ಕೈಯಲ್ಲಿ ಇಟ್ಟರೇ ಹೊರತು, ‘ಇವನ ಸಂಗಡ ಬಂದವರು ಯಾರು?’ ಎಂದು ವಿಚಾರಿಸಲಿಲ್ಲ. ಅಂಗವೈಕಲ್ಯವುಳ್ಳವರು ವಾಹನವನ್ನು ಕೊಳ್ಳಹೋದಾಗ ನಮ್ಮ ಹಾಸನದ ಸೀಮೆಯ ಅಂಗಡಿಗಳಲ್ಲಿ ಅವರಿಗೆ ದೊರೆಯುವ ಮರ್ಯಾದೆ ಎಂತಹದು ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರೂ ಊರುಗಳಿಂದ ಹಾಸನಕ್ಕೆ ಸುಮಾರು 30–40 ಕಿಲೋಮೀಟರು. ಜಿಲ್ಲಾಸ್ಪತ್ರೆ, ಕಛೇರಿ, ನ್ಯಾಯಸ್ಥಾನ ಎಲ್ಲವೂ ಅಲ್ಲಿಯೇ. ಬಸ್ಸಿನ ಮೆಟ್ಟಿಲನ್ನು ಹತ್ತಲಾರದವನಿಗೆ ಸ್ವಂತ ವಾಹನವು ವಿಲಾಸದ ವಸ್ತುವಲ್ಲ. ಅದೇ ಅವನ ಕಾಲು. ಇದನ್ನು ತಿಳಿದೇ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಪಕ್ಕದ ಚಕ್ರಗಳುಳ್ಳ ಮೋಟಾರು ವಾಹನಗಳನ್ನು ಅರ್ಹರಿಗೆ ಕೊಡುತ್ತ ಬಂದಿದೆ. ಚಿಕ್ಕ ಕಾರನ್ನು ಕೊಳ್ಳುವ, ನೂರಕ್ಕೆ 40 ಅಥವಾ ಅದಕ್ಕೂ ಹೆಚ್ಚಿನ ಮೂಳೆ-ಕೀಲುಗಳ ವೈಕಲ್ಯವುಳ್ಳವರಿಗೆ 2017ರಿಂದ ಸರಕು ಮತ್ತು ಸೇವಾ ತೆರಿಗೆಯು 28ಕ್ಕೆ ಬದಲಾಗಿ 18 ಆಗಿದ್ದಿತು. 2025ನೆಯ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳಿಗೆ ಎಲ್ಲರಿಗೂ 18ರ ದರವೇ ಆದುದರಿಂದ ಆ ಅಂತರವು ಅಳಿಯಿತು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ‘ಮೋಟಬಿಲಿಟಿ’ ಎಂಬ ಏರ್ಪಾಡಿನಲ್ಲಿ, ಸರ್ಕಾರದಿಂದ ಬರುವ ಭತ್ಯವನ್ನು ಒಪ್ಪಿಸಿ ಕಾರನ್ನು ಗುತ್ತಿಗೆಗೆ ಪಡೆಯಬಹುದು. ನಮ್ಮಲ್ಲಿ ಅಂತಹ ಏರ್ಪಾಡು ಇಲ್ಲ. ಕಾರು ಬೇಕಾದವನು ಅಂಗಡಿಗೆ ಹೋಗಿ ಕೊಳ್ಳಲೇಬೇಕು.

ಅಂಗಡಿಯಲ್ಲಿ ಏನಾಗುತ್ತದೆ? ಬಾಲ್ಯದಲ್ಲಿಯೇ ಪೋಲಿಯೋ ರೋಗದಿಂದ ಕಾಲಿನ ಬಲವನ್ನು ಕಳೆದುಕೊಂಡು, ಈಗ ಗುಮಾಸ್ತನಾಗಿರುವ ನಮ್ಮ ಹಳೆಯ ಶಿಷ್ಯನೊಬ್ಬನು 2023ರಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಕಾರು ಕೊಳ್ಳಹೋದನು. ಬಾಗಿಲಲ್ಲಿ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಒಳಗೆ ಹೋದ ಮೇಲೆ ಮಾರುವಾತನು ಬೆಲೆಯನ್ನೂ ಬಣ್ಣವನ್ನೂ ಹೇಳಿದ್ದು ಹತ್ತೊಂಬತ್ತು ವರ್ಷದ ಆ ಹುಡುಗನಿಗೆ. ಓಡಿಸಿ ನೋಡಲು ಕರೆದದ್ದೂ ಅವನನ್ನೇ. ರಿಯಾಯಿತಿಯ ಮಾತು ಬಂದಕೂಡಲೆ ಮಾರುವಾತನ ಮುಖದ ಗೆಲುವು ಇಳಿಯಿತು. ‘ಅದಕ್ಕೆ ಬಹಳ ಕಾಗದಪತ್ರ ಬೇಕು, ಇನ್ನೊಂದು ದಿನ ಬನ್ನಿ’ ಎಂದಾಯಿತು. ಕಟ್ಟಕಡೆಗೆ ಇವನಿಂದ ಬೇಕಾದದ್ದು ರುಜು ಒಂದೇ. ಶಿಷ್ಯನು ಇದನ್ನು ನಗುತ್ತಲೇ ಹೇಳಿದನು. ಕೇಳಿದ ನಮಗೆ ನಗು ಬರಲಿಲ್ಲ.

ವರ್ತಕರ ಪಕ್ಷವನ್ನೂ ಹೇಳುವುದು ನ್ಯಾಯ. ರಿಯಾಯಿತಿಯ ಪ್ರಮಾಣಪತ್ರವು ದೆಹಲಿಯ ಭಾರೀ ಕೈಗಾರಿಕೆಗಳ ಮಂತ್ರಾಲಯದಿಂದ ಬರಬೇಕಾಗಿದ್ದಿತು. ತಿಂಗಳ ಕೊನೆಗೆ ಇಷ್ಟು ಗಾಡಿ ಮಾರಬೇಕೆಂಬ ಕಟ್ಟಿಗೆ ಸಿಕ್ಕಿದ ನೌಕರನಿಗೆ ಕಾಯುವ ತಾಳ್ಮೆ ಕಡಮೆ. ಗಿರಾಕಿಯು ಒಳಗೆ ಬರಲಾರನೆಂದು ಕಂಡು ತಾನೇ ಪುಸ್ತಕವನ್ನೂ ಕುರ್ಚಿಯನ್ನೂ ಹೊರಗೆ ತಂದ ಚನ್ನರಾಯಪಟ್ಟಣದ ಒಬ್ಬ ತರುಣನನ್ನೂ ನಾವು ಕಂಡಿದ್ದೇವೆ. ಆದರೂ ಒಂದು ಮಾತನ್ನು ವರ್ತಕರು ಮರೆಯಬಾರದು. ತೆರಿಗೆಯ ರಿಯಾಯಿತಿಯು ಅಂಗಡಿಯವನ ಚೀಲದಿಂದ ಹೋದುದಲ್ಲ, ಬಿಟ್ಟುಕೊಟ್ಟದ್ದು ಬೊಕ್ಕಸ. ಇಲಾಖೆಯು ಕೊಡುವ ವಾಹನಕ್ಕೂ ಬೊಕ್ಕಸದಿಂದ ಹಣ ಸಲ್ಲುತ್ತದೆ. ಹೀಗಿರುವಲ್ಲಿ ‘ಫಲಾನುಭವಿ’ ಎಂಬ ಕಛೇರಿಯ ಶಬ್ದವನ್ನು ಅಂಗಡಿಗೂ ಹೊತ್ತು ತಂದು, ಗಿರಾಕಿಯನ್ನು ಭಿಕ್ಷೆಗೆ ನಿಂತವನಂತೆ ಕಾಣುವುದು ಯಾವ ಲೆಕ್ಕ? ಪಕ್ಕದ ಚಕ್ರ ಸಡಿಲವಾಯಿತೆಂದು ರಿಪೇರಿಗೆ ಬಂದವನಿಗೆ ‘ಸರ್ಕಾರದ ಗಾಡಿಯಲ್ಲವೆ?’ ಎನ್ನುವುದು ಯಾವ ನ್ಯಾಯ?

ಶಾಸನವು ಈ ವಿಷಯದಲ್ಲಿ ಅಂಗಡಿಗಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು, ಖಾಸಗಿಯಾಗಿ ಸೇವೆಯನ್ನು ಒದಗಿಸುವವರೂ ಸುಗಮ ಪ್ರವೇಶದ ನಿಯಮಗಳನ್ನು ಪಾಲಿಸತಕ್ಕದ್ದೆಂದು ವಿಧಿಸಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನಗಳ ಕಾಯಿದೆಯು ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಹಳೆಯ, ಒರಟು ಹೆಸರನ್ನು ತೊರೆದು, ಬಳಸುವವನ ದೇಹಕ್ಕೆ ಹೊಂದಿಸಿದ ವಾಹನ ಎಂಬರ್ಥದ ಹೆಸರನ್ನು ಇಟ್ಟಿತು. 2020ರಿಂದ ನೋಂದಣಿಯ ನಮೂನೆಯಲ್ಲಿಯೇ ವಿಕಲಚೇತನ ಮಾಲೀಕನಿಗೆ ಪ್ರತ್ಯೇಕ ಸ್ಥಾನವಿದೆ. ಕಾಗದವು ಮಾಲೀಕನೆಂದು ಒಪ್ಪಿದವನನ್ನು ಕಣ್ಣು ಒಪ್ಪಲಾರದೆ?

ಆದರೆ ತಪ್ಪೆಲ್ಲವನ್ನೂ ಅಂಗಡಿಯ ತಲೆಗೆ ಕಟ್ಟುವುದು ಸರಿಯಲ್ಲ. ಮನೆಯಲ್ಲಿ ನಾವು ಕಲಿಸಿದ್ದನ್ನೇ ಅಂಗಡಿಯವನು ಮಾಡುತ್ತಾನೆ. ನೆಂಟರು ಬಂದಾಗ ‘ಇವನಿಗೆ ಕಾಫಿ ಬೇಕೆ?’ ಎಂದು ಮಗನ ವಿಷಯವನ್ನು ತಾಯಿಯೊಡನೆ ಕೇಳುವುದು ನಮ್ಮಲ್ಲಿ ಉಂಟಷ್ಟೆ? ಆದಕಾರಣ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಬಿನ್ನಹವಿಷ್ಟು. ಅಂಗಡಿಗೆ ಹೊರಡುವ ಮುನ್ನ ಬಾಗಿಲಿನ ಮೆಟ್ಟಿಲು, ಓಡಿಸಿ ನೋಡಲು ತಕ್ಕ ಗಾಡಿ, ಇವುಗಳ ವಿಷಯವನ್ನು ದೂರವಾಣಿಯಲ್ಲಿ ಕೇಳಿ ತಿಳಿಯಿರಿ. ಬೆಲೆ, ತೆರಿಗೆ, ಮಾರ್ಪಾಟಿನ ಖರ್ಚು, ರಿಪೇರಿಯ ಹೊಣೆ ಇವೆಲ್ಲವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ಮಾರುವಾತನು ನಿಮ್ಮ ಕಡೆಗೆ ತಿರುಗಿ ಮಾತನಾಡಿದರೆ, ‘ಕೊಳ್ಳುವವನು ಅವನು, ಅವನನ್ನೇ ಕೇಳಿ’ ಎಂದು ಹೇಳಿ ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿರಿ.