ಹಾಯಿದೋಣಿಯ ವಿವೇಕ

ಮಹಾಗಾಂವದ ಎರೆಹೊಲಗಳ ನಡುವೆ ನಿಂತವನಿಗೆ ಸಮುದ್ರವೆಂಬುದು ಭೂಗೋಳದ ಪಾಠವೇ ಹೊರತು ಕಣ್ಣಿನ ಅನುಭವವಲ್ಲ. ಗಾಳಿಗೆ ಹೊಯ್ದಾಡುವ ತೊಗರಿಯ ಬೆಳೆಯೇ ನಮ್ಮ ತೆರೆ. ಆದುದರಿಂದಲೇ ಇರಬೇಕು, ಈ ಸೀಮೆಯ ನವದಂಪತಿಗಳು ರಜೆ ದೊರೆತೊಡನೆ ಕರಾವಳಿಗೆ ಧಾವಿಸುತ್ತಾರೆ. ಯಂತ್ರದೋಣಿಯಲ್ಲಿ ಹತ್ತು ನಿಮಿಷ ಸುತ್ತಿ, ಭಾವಚಿತ್ರ ತೆಗೆಸಿಕೊಂಡು, ಮರುದಿನವೇ ಮರಳುತ್ತಾರೆ. ಅವಸರವನ್ನು ಊರಿನಲ್ಲಿಯೇ ಬಿಟ್ಟುಹೋಗಬೇಕೆಂಬವರಿಗೆ ಹಾಯಿದೋಣಿಗಿಂತ ಉತ್ತಮ ಗುರುವಿಲ್ಲ.

ಹಾಯಿಗೆ ಗಡಿಯಾರದ ಹಂಗಿಲ್ಲ, ಗಾಳಿಯ ಹಂಗುಂಟು. ಮಳೆಗಾಲ ಕಳೆದ ತಿಂಗಳುಗಳಲ್ಲಿ ನಮ್ಮ ಪಡುವಣ ತೀರದಲ್ಲಿ ಇರುಳೆಲ್ಲ ನೆಲ ತಣಿದು, ಮುಂಜಾನೆ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ಹಗಲು ನೆಲ ಕಾದು, ಮಧ್ಯಾಹ್ನ ಕಡಲಿನಿಂದ ದಡಕ್ಕೆ ತಿರುಗುತ್ತದೆ. ಹಿಂದಿನ ನಾವಿಕರು ಬೆಳಗಿನ ಗಾಳಿಯಲ್ಲಿ ಹೊರಟು ಸಂಜೆಯ ಗಾಳಿಯಲ್ಲಿ ಬಂದರು ಸೇರುತ್ತಿದ್ದರು.

ಇಬ್ಬರೇ ನಡೆಸುವ ದೋಣಿಯಲ್ಲಿ ಒಬ್ಬರ ಕೈಯಲ್ಲಿ ಚುಕ್ಕಾಣಿ, ಇನ್ನೊಬ್ಬರ ಕೈಯಲ್ಲಿ ಹಾಯಿಯ ಹಗ್ಗ. ಚುಕ್ಕಾಣಿ ಹಿಡಿದವರು ಹೇಳದೆ ದಿಕ್ಕು ತಿರುಗಿಸಿದರೆ ಹಾಯಿಯ ಅಡ್ಡಗೋಲು ಸಂಗಾತಿಯ ತಲೆಗೆ ಬಡಿದೀತು. ಸಂಸಾರದಲ್ಲಿ ಹತ್ತು ವರ್ಷಗಳಿಗೆ ತಿಳಿಯುವ ಸತ್ಯ ಇಲ್ಲಿ ಹತ್ತು ನಿಮಿಷಗಳಲ್ಲಿ ತಿಳಿಯುತ್ತದೆ!

1883ರಲ್ಲಿ 22 ವರ್ಷದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳಿರುಳು ಅವರ ತಂಡ ಪುಟ್ಟ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಸಾಗಿತು. ಶಿವಾಜಿಯ ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ರೈತನೊಬ್ಬನ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ಹೊಳೆಯ ಇಚ್ಛೆಗೆ ಬಿಟ್ಟರು. ಅಳಿವೆ ತಲುಪುವಾಗ ಬಹಳ ಹೊತ್ತಾಗಿತ್ತು. ಕಡಲ ಮಾರ್ಗದ ಹಟ ಹಿಡಿಯದೆ ಅಲ್ಲಿಯೇ ಇಳಿದು, ನಿಶ್ಚಲವಾದ ಸಮುದ್ರದ ಅಂಚಿನಲ್ಲಿ ಮರಳಿನ ಮೇಲೆ ನಡೆದು ಮನೆ ಸೇರಿದರು. ಆ ನಡಿಗೆಯೂ ಅವರ ‘ಜೀವನಸ್ಮೃತಿ’ಯಲ್ಲಿ ಉಳಿದಿದೆ. ಕಾರವಾರದ ಕಡಲ ತೀರಕ್ಕೆ ಇಂದು ಅವರದೇ ಹೆಸರು.

ಇಳಿಯುವ ವಿವೇಕಕ್ಕೆ ನಮ್ಮ ಕಲಬುರಗಿಯ ಚರಿತ್ರೆಯಲ್ಲಿಯೂ ಒಂದು ನಿದರ್ಶನವುಂಟು. ಇಲ್ಲಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೆಯ ಮಹಮ್ಮದ್ ಶಹನ ಕಾಲದಲ್ಲಿ ಪಾರಸಿಕ ಮಹಾಕವಿ ಹಾಫಿಜನಿಗೆ ಆಹ್ವಾನ ಹೋಯಿತು. ಹೊರ್ಮುಜಿನಲ್ಲಿ ಅವನು ಹಡಗೇರಿದನು. ಹೊರಡುವ ಮೊದಲೇ ಬಿರುಗಾಳಿ ಎದ್ದಿತು. ಗೆಳೆಯರನ್ನು ಬೀಳ್ಕೊಡಬೇಕೆಂಬ ನೆಪ ಹೇಳಿ ಕವಿ ದಡಕ್ಕಿಳಿದವನು ಮತ್ತೆ ಹತ್ತಲಿಲ್ಲ. ತನ್ನ ಬದಲು ಒಂದು ಗಜಲನ್ನು ಕಳುಹಿಸಿದನು. ಸುಲ್ತಾನನು ಕೋಪಿಸದೆ ಉಡುಗೊರೆಗಳನ್ನು ಕಳುಹಿಸಿದನೆಂದು ಇತಿಹಾಸಕಾರ ಫರಿಸ್ತಾ ಬರೆದಿದ್ದಾನೆ.

ಕಡಲಿಗೆ ಹೊರಡುವ ದಂಪತಿಗಳು ಇದನ್ನು ಬುತ್ತಿಯೊಡನೆ ಕಟ್ಟಿಕೊಳ್ಳಲಿ. ಮಳೆಗಾಲದಲ್ಲಿ ದೋಣಿಯ ಮಾತೇ ಬೇಡ. ಉಳಿದ ದಿನಗಳಲ್ಲಿಯೂ ಪರಿಣತ ಅಂಬಿಗನಿಲ್ಲದೆ, ಮೈಮೇಲೆ ಜೀವರಕ್ಷಕ ಜಾಕೆಟ್ಟಿಲ್ಲದೆ ದೋಣಿ ಹತ್ತಬಾರದು. ಅಳಿವೆಯ ಮರಳುದಿಬ್ಬದ ಮೇಲೆ ಅಲೆ ಒಡೆಯುವಾಗ ಅಂಬಿಗ ‘ಬೇಡ’ವೆಂದರೆ ಹಣ ಕೊಟ್ಟಿದ್ದೇವೆಂದು ವಾದಿಸಲಾಗದು. ಅದಕ್ಕೂ ಮುಖ್ಯವಾದುದು, ಹೆಂಡತಿ ‘ತಿರುಗೋಣ’ವೆಂದಾಗ ಗಂಡನು ನಗಬಾರದು, ಗಂಡನಿಗೆ ಅಂಜಿಕೆಯಾದರೆ ಹೆಂಡತಿ ಹಂಗಿಸಬಾರದು. ದೋಣಿಯಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ಮುಂದೆ. ಒಬ್ಬರು ಬೇಡವೆಂದರೆ ಸಾಕು, ಹಿಂದೆ. ಹಾಗೆ ಹಿಂದಿರುಗಿ ಬಂದವರಿಗೆ ನಾಳೆಯ ಬೆಳಗಿನ ಗಾಳಿ ಕಾದಿರುತ್ತದೆ.