ತಮಟೆಯವರ ಬಗ್ಗೆನೂ ಬರೀರಪ್ಪ

ದಸರಾ ರಜೆ ಮುಗೀತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಗೆಳೆಯರೆಲ್ಲ ರಸಮಂಜರಿ ವಿಡಿಯೊ ಹಾಕಿದ್ದೀರಿ. ಯಾರು ಚೆನ್ನಾಗಿ ಹಾಡಿದ್ರು, ಸೌಂಡ್ ಹೇಗಿತ್ತು, ಎಲ್ಲಾ ಬರೆದಿದ್ದೀರಿ. ಸಂತೋಷ. ನಾನೂ ಕುಣಿದವನೇ.

ಆದ್ರೆ ಕಿರಂಗೂರು ಬನ್ನಿಮಂಟಪದಿಂದ ಹೊರಟ ಮೆರವಣಿಗೇಲಿ ಬಿಸಿಲಲ್ಲಿ ತಮಟೆ ಬಾರಿಸಿದವರ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಸಂಗೀತ ಅಲ್ವಾ?

ಸಾವಿಗೂ ಜಾತ್ರೆಗೂ ತಮಟೆ ಬಡಿಯೋದನ್ನ ನಮ್ಮವರ ಬಿಟ್ಟಿ ಚಾಕರಿ ಮಾಡಿದ್ದು ಜಾತಿ. ಅದನ್ನ ಕಲೆ ಮಾಡಿ ನಿಲ್ಲಿಸಿದವರು ನಮ್ಮವರೇ. ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀನೂ ಬಂತು.

ರಾತ್ರಿ ಎಂಟರ ವೇದಿಕೆ, ಒಳ್ಳೆ ಮೈಕು, ಮರ್ಯಾದೆಯ ಸಂಭಾವನೆ ಇವರಿಗೂ ಸಿಗಲಿ ಅಂತ ಕೇಳೋಣ. ಮುಂದಿನ ಸಲ ವಿಡಿಯೊ ಹಾಕುವಾಗ ತಂಡದ ಹೆಸರು, ಊರು ಕೇಳಿ ಬರೀರಿ.

ಜೈ ಭೀಮ್.